ಓದುಗರ ಪ್ರಶ್ನೆ, ತಜ್ಞರ ಉತ್ತರ: ಸಿಸೇರಿಯನ್ ಬಾಣಂತಿಯ ಎದೆಹಾಲು, ಮಸಾಜ್ ಮತ್ತು ಸೂಜಿ

ಸಿಸೇರಿಯನ್ ಆದವರಿಗೆ ಹಾಲು ಇಳಿಯಲು ಮಸಾಜ್, ಆಕ್ಯುಪಂಕ್ಚರ್ (ಸೂಜಿ ಚಿಕಿತ್ಸೆ) ಎಷ್ಟು ನೆರವಾಗುತ್ತವೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಎತ್ತಿಕೊಂಡಿದ್ದೇವೆ. ಒಂದೇ ತೆರನ ಪ್ರಶ್ನೆಗಳನ್ನು ಸೇರಿಸಿದ್ದೇವೆ, ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5ರಷ್ಟು ಸಿಸೇರಿಯನ್, ದೇಶದ ಸರಾಸರಿ ಶೇ 21.5. ನಮ್ಮಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ ಬಾಣಂತಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡೇ ಮಗುವಿಗೆ ಮೊದಲ ಸಲ ಹಾಲೂಡಿಸುತ್ತಾಳೆ.

ಪ್ರಶ್ನೆ: ಮೊದಲ ಹೆರಿಗೆಯಲ್ಲಿ ಮಗಳಿಗೆ ಆಪರೇಷನ್ ಆಗಿ ಮೂರು ದಿನ ಹಾಲೇ ಇಳಿಯಲಿಲ್ಲ. ಡಬ್ಬಿ ಹಾಲು ಶುರುವಾಯಿತು, ಕೊನೆಗೆ ಅದೇ ಗಟ್ಟಿಯಾಯಿತು. ಈಗ ಮತ್ತೆ ಎಂಟು ತಿಂಗಳು, ಈ ಸಲವೂ ಆಪರೇಷನ್ನೇ ಎಂದಿದ್ದಾರೆ. ಹೊಟ್ಟೆ ಕೊಯ್ದರೆ ಹಾಲು ಕಡಿಮೆಯೇ? – ದಾವಣಗೆರೆ

ಉತ್ತರ: ಕಡಿಮೆಯಲ್ಲ, ತಡ. ಹಾಲು ತುಂಬಿ ಬರಲು ಕಾರಣ ಕಸ, ಅಂದರೆ ಮಾಸು, ಬೀಳುವುದು. ಮಾಸು ಹೊರಬಂದ ಕೂಡಲೇ ರಕ್ತದಲ್ಲಿ ಬಸಿರಿನ ಹಾರ್ಮೋನ್ ಪ್ರೊಜೆಸ್ಟರಾನ್ ಸರ್ರನೆ ಇಳಿಯುತ್ತದೆ, ಅಲ್ಲಿಯವರೆಗೆ ಅದು ತಡೆದಿಟ್ಟಿದ್ದ, ಹಾಲು ತಯಾರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಕೆಲಸಕ್ಕಿಳಿಯುತ್ತದೆ. ಮಾಸು ಕೆಳಗಿನಿಂದ ಬಂದರೂ ಹೊಟ್ಟೆಯಿಂದ ತೆಗೆದರೂ ಇದು ನಡೆದೇ ನಡೆಯುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಎದೆ ತುಂಬಿಕೊಳ್ಳಬೇಕು. 72 ಗಂಟೆ ದಾಟಿದರೆ ಅದನ್ನು ತಡವೆಂದು ಲೆಕ್ಕ ಹಾಕುತ್ತಾರೆ, ಸಿಸೇರಿಯನ್ ಆದವರಲ್ಲಿ ಹೀಗೆ ತಡವಾಗುವುದು ಹೆಚ್ಚು.

ತಡವಾಗಿಸುವುದು ಕೊಯ್ತವಲ್ಲ, ಅದರ ಸುತ್ತ ನಡೆಯುವ ಸಂಗತಿಗಳು. ತಾಯಿ ರಿಕವರಿ ಕೋಣೆಯಲ್ಲಿ, ಮಗು ವಾರ್ಡಿನಲ್ಲಿ ಅಜ್ಜಿಯ ತೊಡೆಯ ಮೇಲೆ. ಮೊದಲ ಹಾಲೂಡಿಕೆ ಆರೇಳು ಗಂಟೆ ಮುಂದೆ ಹೋಗುತ್ತದೆ. ನೋವು ಮತ್ತು ಗಾಬರಿ ಹಾಲನ್ನು ಹೊರದೂಡುವ ಹಾರ್ಮೋನ್ ಆಕ್ಸಿಟೋಸಿನ್ ಅನ್ನು ತಡೆಯುತ್ತವೆ, ಹಾಲಿದ್ದರೂ ಸೊರೆಬಿಡುವುದಿಲ್ಲ, ಅಂದರೆ ಹೊರಗೆ ಹರಿಯುವುದಿಲ್ಲ. ಬಾಟಲಿಗಟ್ಟಲೆ ಏರಿಸಿದ ಡ್ರಿಪ್‌ನಿಂದ ಮೊಲೆತೊಟ್ಟಿನ ಸುತ್ತಲ ಕಪ್ಪುಭಾಗ ಊದಿ ಬಿಗಿದಿರುತ್ತದೆ, ಮಗುವಿನ ಬಾಯಿಗೆ ಹಿಡಿತ ಸಿಗುವುದಿಲ್ಲ. ರಕ್ತ ಹೆಚ್ಚು ಹೋಗಿದ್ದರೆ ಇನ್ನಷ್ಟು ತಡ.

ಅಂದಹಾಗೆ ಮೊದಲ ದಿನ ಮಗುವಿಗೆ ಬೇಕಾದದ್ದು ಎಷ್ಟು ಗೊತ್ತೇ? ಒಂದು ಸಲಕ್ಕೆ 2ರಿಂದ 10 ಮಿ.ಲೀ. ಎರಡನೇ ದಿನ 5–15, ಮೂರನೇ ದಿನ 15–30, ನಾಲ್ಕನೇ ದಿನ 30–60 ಮಿ.ಲೀ. ಗಿಣ್ಣುಹಾಲು ಹಳದಿ, ಅಂಟು, ಹನಿಯಷ್ಟೇ. ಅದನ್ನು ನೋಡಿ 'ಹಾಲಿಲ್ಲ' ಎಂದು ತೀರ್ಮಾನಿಸುವವರೇ ಹೆಚ್ಚು. ಹೊಟ್ಟೆ ತುಂಬುತ್ತಿದೆಯೇ ಎಂಬುದನ್ನು ಎದೆ ನೋಡಿ ಹೇಳಲಾಗದು, ಬಟ್ಟೆ ನೋಡಿ ಹೇಳಬೇಕು: ಮೊದಲ ದಿನ ಒಂದು ಒದ್ದೆ, ಎರಡನೇ ದಿನ ಎರಡು, ಹೀಗೆ ಏರುತ್ತಾ ಐದಾರನೇ ದಿನಕ್ಕೆ ಆರು ಅಥವಾ ಹೆಚ್ಚು. ಕಪ್ಪು ಅಂಟಿನ ಮಲ ನಾಲ್ಕೈದನೇ ದಿನಕ್ಕೆ ಹಳದಿಗೆ ತಿರುಗಬೇಕು. ತೂಕ ಮೊದಲ ದಿನಗಳಲ್ಲಿ ಇಳಿಯುತ್ತದೆ. ಶೇ 10ರ ಹತ್ತಿರ ಹೋದರೆ ಮಕ್ಕಳ ವೈದ್ಯರು ಹಾಲೂಡಿಕೆಯನ್ನು ಕಣ್ಣಾರೆ ನೋಡಬೇಕು. ತಾಯಿಗೆ ಏರಿಸಿದ ಡ್ರಿಪ್‌ನ ನೀರು ಮಗುವಿಗೂ ಸೇರಿ ಹುಟ್ಟುತೂಕ ಸ್ವಲ್ಪ ಉಬ್ಬಿರುತ್ತದೆ ಎಂಬುದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ಈ ಸಲ ಏನು ಮಾಡಬೇಕು ಎಂದರೆ, ಆಪರೇಷನ್‌ಗೆ ಮುಂಚೆಯೇ ವೈದ್ಯರ ಬಳಿ ಎರಡು ಮಾತು ಗಟ್ಟಿ ಮಾಡಿಕೊಳ್ಳಿ. ಬೆನ್ನಿಗೆ ಕೊಡುವ ಅರಿವಳಿಕೆಯಲ್ಲಿ ತಾಯಿ ಎಚ್ಚರವಾಗಿರುತ್ತಾಳೆ. ಹಾಗಾಗಿ ಮಗುವನ್ನು ಥಿಯೇಟರಿನಲ್ಲೇ ಎದೆಗೆ ಬರಿಮೈ ತಾಗಿಸಿ ಮಲಗಿಸಬಹುದು, ಮೊದಲ ಗಂಟೆಯೊಳಗೆ ಬಾಯಿ ಹಾಕಿಸಬಹುದು. ಮಗುವನ್ನು ಬೇರೆಡೆ ಇಡಲೇಬೇಕಾಗಿ ಬಂದರೆ ಆರು ಗಂಟೆಯೊಳಗೆ, ಸಾಧ್ಯವಾದರೆ ಮೊದಲ ಗಂಟೆಯಲ್ಲೇ, ಕೈಯಿಂದ ಹಾಲು ಹಿಂಡಲು ಶುರುಮಾಡಿ ಒಳಲೆಯಲ್ಲೋ ಚಮಚದಲ್ಲೋ ಕುಡಿಸಬೇಕು. ಆಮೇಲೆ ದಿನಕ್ಕೆ 8ರಿಂದ 12 ಸಲ. ಡಬ್ಬಿ ಹಾಲು ಬೇಕಾಗುವ ಸಂದರ್ಭಗಳಿವೆ, ರಕ್ತದಲ್ಲಿ ಸಕ್ಕರೆ ಅಂಶ ಇಳಿದ ಮಗುವನ್ನು ಕಾಯುವಂತೆ ಮಾಡಬಾರದು. ಆದರೆ ಅದು ವೈದ್ಯರು ಕಾರಣ ಹೇಳಿ ಬರೆಯಬೇಕಾದ ಔಷಧ. ಆಸ್ಪತ್ರೆಯೊಳಗೆ ಅದರ ಪ್ರಚಾರ, ಉಚಿತ ಡಬ್ಬಿ ಹಂಚಿಕೆ 1992ರ ಕಾಯ್ದೆಯ ಪ್ರಕಾರ ನಿಷಿದ್ಧ.

ಪ್ರಶ್ನೆ: ಬೆನ್ನು ತಿಕ್ಕಿದರೆ ಹಾಲು ಇಳಿಯುತ್ತದೆ ಎಂದು ನರ್ಸ್ ನನಗೆ ತೋರಿಸಿಕೊಟ್ಟರು, ಗಡಿಬಿಡಿಯಲ್ಲಿ ಸರಿಯಾಗಿ ತಿಳಿಯಲಿಲ್ಲ. ಬೆನ್ನಿಗೂ ಎದೆಗೂ ಏನು ಸಂಬಂಧ? ಹೆಂಡತಿಗೆ ಹೊಲಿಗೆ ನೋವಿರುವಾಗ ಮಾಡಬಹುದೇ? – ಹುಬ್ಬಳ್ಳಿ

ಉತ್ತರ: ಮಾಡಬಹುದು, ಮತ್ತು ಗಂಡಂದಿರು ಕಲಿಯಲೇಬೇಕಾದ ಕೆಲಸವಿದು. ಹಾಲು ತಯಾರಾಗುವುದು ಒಂದು, ಹೊರಗೆ ಬರುವುದು ಇನ್ನೊಂದು. ತಯಾರಾದ ಹಾಲನ್ನು ನಾಳಗಳಿಗೆ ತಳ್ಳುವುದು ಆಕ್ಸಿಟೋಸಿನ್. ಭುಜ, ಬೆನ್ನು ಸಡಿಲಾಗಿ ಮನಸ್ಸು ಹಗುರಾದರೆ ಅದು ಸಲೀಸಾಗಿ ಹರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಹಾಲೂಡಿಕೆ ತರಬೇತಿಯಲ್ಲೂ ಈ ಬೆನ್ನು ಉಜ್ಜುವ ಕ್ರಮ ಇದೆ. ಇಂಡೊನೇಷ್ಯಾದಲ್ಲಿ ಇದಕ್ಕೆ 'ಆಕ್ಸಿಟೋಸಿನ್ ಮಸಾಜ್' ಎಂದೇ ಹೆಸರು.

ತಾಯಿ ಕುರ್ಚಿಯಲ್ಲಿ ಕುಳಿತು ಮುಂದಿನ ಮೇಜಿನ ಮೇಲೆ ದಿಂಬಿಟ್ಟು, ಕೈ ಮಡಚಿ, ಅದರ ಮೇಲೆ ತಲೆಯೊರಗಿಸಲಿ. ರವಿಕೆ ಬಿಚ್ಚಿ ಎದೆ ಸಡಿಲವಾಗಿ ಜೋತುಬೀಳುವಂತಿರಲಿ, ತೊಡೆಯ ಮೇಲೆ ಟವೆಲ್. ಹೊಲಿಗೆಗೂ ತೊಡೆಗೂ ನಡುವೆ ಒಂದು ಸಣ್ಣ ಮೆತ್ತನೆ ದಿಂಬು ಇಟ್ಟರೆ ಬಾಗಿದಾಗ ಎಳೆಯುವುದಿಲ್ಲ. ನೀವು ಹಿಂದೆ ನಿಂತು ಎರಡೂ ಕೈ ಮುಷ್ಟಿ ಮಾಡಿ, ಹೆಬ್ಬೆರಳನ್ನು ಮುಂದಕ್ಕೆ ಚಾಚಿ, ಬೆನ್ನುಮೂಳೆಯ ಎರಡೂ ಬದಿ ಒಂದೆರಡು ಬೆರಳು ದೂರದಲ್ಲಿ ಇಡಿ. ಮೂಳೆಯ ಮೇಲೆ ಒತ್ತಬಾರದು. ಹೆಬ್ಬೆರಳ ತುದಿಯಿಂದ ಸಣ್ಣ ಸಣ್ಣ ಸುತ್ತು ಹಾಕುತ್ತಾ ಕುತ್ತಿಗೆಯ ಬುಡದಿಂದ ಹೆಗಲಮೂಳೆಯ ಕೆಳಗಿನವರೆಗೆ ಇಳಿಯಿರಿ, ಎರಡೂ ಬದಿ ಒಟ್ಟಿಗೆ. ಎರಡು ಮೂರು ನಿಮಿಷ ಸಾಕು. ಒತ್ತಡ ಗಟ್ಟಿಯಾಗಿರಲಿ, ಆದರೆ ಅವಳು ಉಸಿರು ಬಿಗಿಹಿಡಿದರೆ ಹೆಚ್ಚಾಯಿತೆಂದೇ ಅರ್ಥ. ಆಪರೇಷನ್ ಆದ ಮೊದಲ ದಿನ ಮುಂದಕ್ಕೆ ಬಾಗಲು ಆಗದಿದ್ದರೆ ಮಗ್ಗುಲಾಗಿ ಮಲಗಿಸಿ, ಒಂದು ಕೈಯಿಂದ ಮಾಡಿ. ಎದ್ದು ಕುಳಿತ ಕೂಡಲೇ ಜೋರು ತಲೆನೋವು, ಮಲಗಿದರೆ ಕಡಿಮೆ ಎಂದಾದರೆ ಅದು ಬೆನ್ನಿನ ಅರಿವಳಿಕೆಯ ತಲೆನೋವು ಇರಬಹುದು. ಮಸಾಜ್ ಬಿಟ್ಟು ಅರಿವಳಿಕೆ ವೈದ್ಯರಿಗೆ ತಿಳಿಸಿ.

ಎಲ್ಲರೂ ಎಡವುವುದು ಸಮಯದಲ್ಲಿ. ಹಾಲೂಡಿಸಿದ ಮೇಲೆ ತಿಕ್ಕುತ್ತಾರೆ. ಹಾಲೂಡಿಸುವುದಕ್ಕೆ ಅಥವಾ ಹಿಂಡುವುದಕ್ಕೆ ತುಸು ಮುಂಚೆ ತಿಕ್ಕಿ, ತಕ್ಷಣ ಮಗುವನ್ನು ಹಾಕಬೇಕು. ಸೊರೆಬಿಟ್ಟಿದ್ದು ಹೇಗೆ ತಿಳಿಯುತ್ತದೆ? ಎದೆಯಲ್ಲಿ ಜುಮ್ಮೆನ್ನುತ್ತದೆ, ಇನ್ನೊಂದು ಬದಿ ತೊಟ್ಟಿಕ್ಕುತ್ತದೆ, ಬಾಯಾರುತ್ತದೆ. ಮೊದಲ ವಾರ ಗರ್ಭಕೋಶ ಕಿವುಚಿದಂತಾಗಿ ಹೊಲಿಗೆಯ ಹತ್ತಿರ ನೋವು ಬರುವುದೂ ಇದೇ ಕಾರಣಕ್ಕೆ, ಹೆದರಬೇಡಿ. ಮಗು ಚಕಚಕನೆ ಚೀಪುವುದನ್ನು ಬಿಟ್ಟು ನಿಧಾನಕ್ಕೆ, ಗುಟುಕು ಕೇಳುವಂತೆ ನುಂಗತೊಡಗುತ್ತದೆ.

ಇನ್ನು ಕೈಯಲ್ಲಿ ಹಿಂಡುವ ಬಗೆ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ 3–4 ಸೆಂ.ಮೀ. ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒಳಗೆ ಒತ್ತಿ, ನಂತರ ಎರಡು ಬೆರಳನ್ನು ಕೂಡಿಸಿ, ಬಿಡಿ. ಒತ್ತು, ಕೂಡಿಸು, ಬಿಡು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು. ತೊಟ್ಟಿನಲ್ಲಿ ಹಾಲಿಲ್ಲ, ಅದನ್ನು ಹಿಸುಕಿದರೆ ಗಾಯವಾಗುವುದಷ್ಟೇ. ಒಂದೆರಡು ನಿಮಿಷ ಏನೂ ಬರದೆ ಆಮೇಲೆ ಹನಿ ಕಾಣಿಸುವುದು ಸಹಜ, ಕೈಬಿಡಬೇಡಿ. ಬೆರಳ ಜಾಗ ಬದಲಿಸುತ್ತಾ ಒಂದು ಬದಿ 3–5 ನಿಮಿಷ, ಆಮೇಲೆ ಇನ್ನೊಂದು ಬದಿ, ಮತ್ತೆ ಮೊದಲಿನದು. ಒಟ್ಟು 20–30 ನಿಮಿಷ. ಗಿಣ್ಣುಹಾಲನ್ನು ಪಂಪಿನಲ್ಲಿ ತೆಗೆಯಲು ಹೋದರೆ ಕೊಳವೆಗೇ ಅಂಟಿಕೊಂಡು ಹೋಗುತ್ತದೆ. ಕುದಿಸಿದ ಚಮಚ ಅಥವಾ 2 ಮಿ.ಲೀ. ಸಿರಿಂಜ್ ಸಾಕು.

ಪ್ರಶ್ನೆ: ಎದೆಗೆ ಹರಳೆಣ್ಣೆ ಒಳ್ಳೆಯದೋ ಕೊಬ್ಬರಿ ಎಣ್ಣೆಯೋ? – ಚಿಂತಾಮಣಿ

ಉತ್ತರ: ಎಣ್ಣೆ ಹಾಲು ಬರಿಸುವುದಿಲ್ಲ, ಕೈ ಜಾರಲು ಮಾತ್ರ ಬೇಕು. ಕೊಬ್ಬರಿ ಎಣ್ಣೆ ಸಾಕು. ಸಾಸಿವೆ ಎಣ್ಣೆ ಉರಿ ತರಬಹುದು. ತೊಟ್ಟು ಮತ್ತು ಕಪ್ಪುಭಾಗಕ್ಕೆ ಯಾವ ಎಣ್ಣೆಯೂ ಬೇಡ, ಮಗುವಿನ ಬಾಯಿ ಜಾರುತ್ತದೆ.

ಪ್ರಶ್ನೆ: ಸಿಸೇರಿಯನ್ ಆಗಿ ಎರಡು ವಾರ. ಹಾಲು ಸಾಲುತ್ತಿಲ್ಲ ಅನಿಸುತ್ತಿದೆ. ಸ್ನೇಹಿತೆಯೊಬ್ಬಳು ಆಕ್ಯುಪಂಕ್ಚರ್ ಮಾಡಿಸು ಎಂದಳು. ಎಲ್ಲಿ ಚುಚ್ಚುತ್ತಾರೆ, ಎಷ್ಟು ಸಲ, ನಿಜಕ್ಕೂ ಹಾಲು ಹೆಚ್ಚುತ್ತದೆಯೇ? – ಬೆಂಗಳೂರು

ಉತ್ತರ: ಮೊದಲು ಸಾಕ್ಷ್ಯದ ಮಾತು. ಹಾಲಿನ ಕೊರತೆಗೆ ಸೂಜಿ ಚಿಕಿತ್ಸೆ ಕುರಿತ ಪರೀಕ್ಷೆಗಳು ಬಹುಪಾಲು ಚೀನಾದವು, ಹೆಚ್ಚಿನವು ಸಣ್ಣವು. ಸೂಜಿ ಹಾಕಿಸಿಕೊಂಡವರಿಗೂ ಹಾಕಿದವರಿಗೂ ಯಾವ ಚಿಕಿತ್ಸೆ ಎಂಬುದು ಗೊತ್ತಿರುತ್ತದೆ. ಆ ಹೊತ್ತಿಗೆ ಹಾಲು ತಾನಾಗಿಯೂ ಏರುತ್ತಿರುತ್ತದೆ. ಹಾಗಾಗಿ 'ಲಾಭ ಕಂಡಿದೆ' ಎನ್ನುವ ಫಲಿತಾಂಶಗಳನ್ನು ಪೂರ್ತಿ ನಂಬಲೂ ಆಗದು, ತಳ್ಳಿಹಾಕಲೂ ಆಗದು. ನಮ್ಮ ನಿಲುವು ಇಷ್ಟು: ನೋವು, ಆತಂಕ, ನಿದ್ದೆಗೇಡಿನಿಂದ ಸೊರೆ ಬಿಡದವರಿಗೆ ಇದು ನೆರವಾಗಬಹುದು. ದಿನಕ್ಕೆ ಐದೇ ಸಲ ಹಾಲೂಡಿಸಿ ವಾರಕ್ಕೆ ಮೂರು ಸಲ ಸೂಜಿ ಹಾಕಿಸಿಕೊಂಡರೆ ಏನೂ ಆಗದು. ಎದೆ ಬರಿದಾದಷ್ಟೂ ಹಾಲು ಹುಟ್ಟುತ್ತದೆ. ಆ ನಿಯಮವನ್ನು ಯಾವ ಸೂಜಿಯೂ ಮೀರುವುದಿಲ್ಲ. ಮೊದಲ ಮೂರು ದಿನವಂತೂ ಸೂಜಿಯವರನ್ನು ಹುಡುಕುವ ಬದಲು ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡಿರಿ.

ಚೀನೀ ವೈದ್ಯ ಪದ್ಧತಿ ಹಾಲಿನ ಕೊರತೆಯನ್ನು ಎರಡಾಗಿ ನೋಡುತ್ತದೆ. ರಕ್ತ ಹೋಗಿ, ಬಳಲಿ, ಎದೆ ಮೆತ್ತಗಿದ್ದು ಹಾಲೇ ಇಲ್ಲದ್ದು ಒಂದು. ಎದೆ ಬಿಗಿದು ನೋಯುತ್ತಿದ್ದರೂ ಹಾಲು ಹೊರಬರದಿರುವುದು ಇನ್ನೊಂದು. ಎರಡಕ್ಕೂ ಸೂಜಿ ಹಾಕುವ ಬಿಂದುಗಳು ಬೇರೆ. ಸಾಮಾನ್ಯವಾಗಿ ಬಳಸುವುದು ಕಿರುಬೆರಳಿನ ಉಗುರಿನ ಹೊರಮೂಲೆಯ ಪಕ್ಕದ ಶಾವೊಝೆ, ಬಿಂದುಗಳ ಗುರುತುಸಂಖ್ಯೆಯಲ್ಲಿ ಎಸ್‌ಐ-1. ಇದು ಹಾಲಿಗೆಂದೇ ಹೆಸರಾದ ಬಿಂದು, ಚುಚ್ಚಿದರೆ ಚುರ್ರೆನ್ನುತ್ತದೆ. ಎದೆಮೂಳೆಯ ನಡುವಿನ ದಾನ್‌ಝೋಂಗ್, ಸಿವಿ-17. ಸ್ತನದ ಬುಡದ ರುಗೆನ್, ಎಸ್‌ಟಿ-18. ಬಳಲಿದವರಿಗೆ ಮಂಡಿಚಿಪ್ಪಿನ ಹೊರಗುಳಿಯಿಂದ ನಾಲ್ಕು ಬೆರಳು ಕೆಳಗಿನ ಎಸ್‌ಟಿ-36, ಒಳಗಣಕಾಲಿನಿಂದ ನಾಲ್ಕು ಬೆರಳು ಮೇಲಿನ ಎಸ್‌ಪಿ-6 ಸೇರಿಸುತ್ತಾರೆ. ಬಿಗಿದವರಿಗೆ ಮುಂಗೈಯ ಪಿಸಿ-6, ಪಾದದ ಎಲ್‌ಆರ್-3. ಬೆರಳಳತೆ ರೋಗಿಯದೇ ಆಗಿರಬೇಕು, ವೈದ್ಯರದಲ್ಲ.

ಒಂದು ಸೂಕ್ಷ್ಮ: ಸಿವಿ-17 ಅನ್ನು ಪುಸ್ತಕಗಳಲ್ಲಿ 'ಎರಡು ತೊಟ್ಟುಗಳ ನಡುವೆ' ಎಂದಿರುತ್ತದೆ. ಹಾಲೂಡಿಸುವ ತಾಯಿಯಲ್ಲಿ ತೊಟ್ಟು ಕೆಳಗಿಳಿದಿರುತ್ತದೆ, ಹಾಗಾಗಿ ಪಕ್ಕೆಲುಬು ಎಣಿಸಿ ನಾಲ್ಕನೇ ಸಂದನ್ನು ಹಿಡಿಯಬೇಕು. ಅಲ್ಲಿ ಸೂಜಿಯನ್ನು ಚರ್ಮದಡಿ ಅಡ್ಡಲಾಗಿ ಹಾಯಿಸಬೇಕೇ ಹೊರತು ನೇರವಾಗಿ ಇಳಿಸಬಾರದು. ಕೆಲವರ ಎದೆಮೂಳೆಯಲ್ಲಿ ಹುಟ್ಟಿನಿಂದಲೇ ಸಣ್ಣ ತೂತಿರುತ್ತದೆ, ಅದರ ಹಿಂದೆ ಹೃದಯವಿದೆ. ಎಸ್‌ಟಿ-18 ಮತ್ತು ಭುಜದ ಮೇಲಿನ ಜಿಬಿ-21ರಲ್ಲಿ ಆಳಕ್ಕೆ ಹೋದರೆ ಶ್ವಾಸಕೋಶದ ಪೊರೆ ತೂತಾಗಿ ಗಾಳಿ ತುಂಬಬಹುದು. ಹಾಗಾಗಿ ಎದೆ, ಭುಜಗಳ ಬಿಂದುಗಳನ್ನು ಬಿಟ್ಟು ಕೈಕಾಲಿನ ಬಿಂದುಗಳಲ್ಲೇ ಮುಗಿಸಿ ಎಂದು ಕೇಳಲು ಸಂಕೋಚ ಬೇಡ. ಹೊಲಿಗೆಯ ಸುತ್ತ, ಊದಿದ ಕಾಲಿನಲ್ಲಿ, ಸ್ತನದ ಒಳಗೆ ಸೂಜಿ ಬೇಡ.

ಸೂಜಿ 0.16ರಿಂದ 0.25 ಮಿ.ಮೀ. ದಪ್ಪದ್ದು, ಇಂಜೆಕ್ಷನ್ ಸೂಜಿಗಿಂತ ಬಹಳ ತೆಳು. ಒಮ್ಮೆ ಬಳಸಿ ಬಿಸಾಡುವ ಪೊಟ್ಟಣ ನಿಮ್ಮೆದುರೇ ಒಡೆಯಬೇಕು. 20–30 ನಿಮಿಷ, ವಾರಕ್ಕೆ ಎರಡು ಮೂರು ಸಲ. ನಾಲ್ಕೈದು ಸಲಕ್ಕೆ ಬಟ್ಟೆಯ ಲೆಕ್ಕದಲ್ಲಿ, ಮಗುವಿನ ತೂಕದಲ್ಲಿ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ. ಹತ್ತು ಸಲದ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಎನಾಕ್ಸಪ್ಯಾರಿನ್ ನಡೆಯುತ್ತಿದ್ದರೆ, ಬಿಪಿ ಏರಿ ಪ್ಲೇಟ್‌ಲೆಟ್ ಇಳಿದಿದ್ದರೆ ಮೊದಲೇ ಹೇಳಿ. ಊಟ ಮಾಡಿ, ಹಾಲೂಡಿಸಿ ಹೋಗಿ, ಮಲಗಿಯೇ ಹಾಕಿಸಿಕೊಳ್ಳಿ. ಖಾಲಿ ಹೊಟ್ಟೆಯ ಬಾಣಂತಿ ಸೂಜಿಗೆ ತಲೆ ಸುತ್ತಿ ಬೀಳುವುದುಂಟು.

ಯಾರ ಬಳಿ ಹೋಗಬೇಕು? ಕೇಂದ್ರ ಸರ್ಕಾರ 2019ರಲ್ಲಿ ಆಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಕ್ರಮವೆಂದು ಒಪ್ಪಿಕೊಂಡಿತು. ನಮ್ಮಲ್ಲಿ ಸುಲಭಕ್ಕೆ ಸಿಗುವವರು ಬಿಎನ್‌ವೈಎಸ್ ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರು. ಉಜಿರೆ, ಮೈಸೂರಿನಂಥ ಕಾಲೇಜುಗಳ ಆ ಪಠ್ಯದಲ್ಲಿ ಆಕ್ಯುಪಂಕ್ಚರ್ ಇದೆ. ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದವರ ಕೈಗೆ ಬಾಣಂತಿಯ ಎದೆ ಕೊಡಬೇಡಿ.

ಪ್ರಶ್ನೆ: ಸೂಜಿಗೆ ಹೆದರಿಕೆ. ಬೆರಳಿಂದ ಒತ್ತಿದರೆ ಆಗದೇ? – ತುಮಕೂರು

ಉತ್ತರ: ಆಗುತ್ತದೆ, ಮನೆಯಲ್ಲೇ ಮಾಡಬಹುದು, ಖರ್ಚಿಲ್ಲ. ಟೆಹ್ರಾನ್‌ನ ಒಂದು ಅಧ್ಯಯನದಲ್ಲಿ ಎಸ್‌ಐ-1, ಹೆಬ್ಬೆರಳು ತೋರುಬೆರಳ ನಡುವಿನ ಎಲ್‌ಐ-4, ಕತ್ತಿನ ಬುಡಕ್ಕೂ ಭುಜದ ತುದಿಗೂ ನಡುಮಧ್ಯದ ಜಿಬಿ-21 ಬಿಂದುಗಳನ್ನು ಎರಡೂ ಬದಿ, ದಿನಕ್ಕೆ ಮೂರು ಸಲ, 2–5 ನಿಮಿಷ, 12 ದಿನ ಒತ್ತಿಸಿದ್ದರು. ತಾಯಂದಿರ ಹಾಲಿನ ಪ್ರಮಾಣ ಏರಿತ್ತು. ಕಿರುಬೆರಳ ಬಿಂದು ತೀರಾ ಚಿಕ್ಕದು, ಇನ್ನೊಂದು ಕೈಯ ಹೆಬ್ಬೆರಳ ಉಗುರಿನ ಬದಿಯಿಂದ ಒತ್ತಿ ಹಿಡಿಯಿರಿ. ಭುಜದ ಬಿಂದುವನ್ನು ಬೇರೆಯವರು ಒತ್ತಿದರೆ ಒಳ್ಳೆಯದು. ಮತ್ತೆ ಬಸಿರಾಗಿರುವ ಸಂಶಯವಿದ್ದರೆ ಎಲ್‌ಐ-4, ಎಸ್‌ಪಿ-6, ಜಿಬಿ-21 ಮೂರನ್ನೂ ಬಿಡುವುದು ಈ ಪದ್ಧತಿಯ ಹಳೆಯ ಕಟ್ಟಳೆ.

ಪ್ರಶ್ನೆ: ನಾಲ್ಕನೇ ದಿನ ಎದೆ ಕಲ್ಲಿನಂತಾಯಿತು. ಬಿಸಿನೀರ ಬಟ್ಟೆ ಹಾಕಿ, ಇಬ್ಬರು ಹಿಡಿದು ಗಂಟು ಕರಗಲೆಂದು ಜೋರಾಗಿ ಒತ್ತಿದರು. ಮರುದಿನ ಕೆಂಪಾಗಿ ಜ್ವರ ಬಂತು. ಒತ್ತಿದ್ದು ಸಾಲದಾಯಿತೇ? – ರಾಣೆಬೆನ್ನೂರು

ಉತ್ತರ: ಹೆಚ್ಚಾಯಿತು. ನಾಲ್ಕನೇ ದಿನದ ಬಿಗಿತದಲ್ಲಿ ಅರ್ಧ ಹಾಲು, ಇನ್ನರ್ಧ ಊತದ ನೀರು ಮತ್ತು ರಕ್ತ. ಊತವನ್ನು ಹಿಸುಕಿದರೆ ಸಣ್ಣ ರಕ್ತನಾಳಗಳು, ಹಾಲಿನ ನಾಳಗಳು ಜಜ್ಜಿ ಉರಿಯೂತ ಏರುತ್ತದೆ. ಅಮೆರಿಕದ ಹಾಲೂಡಿಕೆ ವೈದ್ಯರ ಅಕಾಡೆಮಿ 2022ರ ಮಾರ್ಗಸೂಚಿಯಲ್ಲಿ ಆಳವಾದ ಮಸಾಜ್ ಬೇಡವೇ ಬೇಡ ಎಂದಿತು; ಗಂಟು ಕರಗಿಸಲು ಪದೇ ಪದೇ ಪಂಪ್ ಮಾಡಿ ಬರಿದು ಮಾಡುವುದನ್ನೂ ತಡೆಯಿತು. ಬೆಣ್ಣೆಗೆ ಕೈ ಹಾಕಿದಷ್ಟೇ ಹಗುರ ಸಾಕು ಎಂದು ನಾವು ತರಬೇತಿಯಲ್ಲಿ ಹೇಳುವುದುಂಟು.

ಸರಿಯಾದ ಕ್ರಮ ಹೀಗೆ. ತಾಯಿ ಅಂಗಾತ ಒರಗಿರಲಿ, ಊತ ಹಿಂದಕ್ಕೆ ಸರಿಯುತ್ತದೆ. ಅಂಗೈಯಿಂದ, ಚರ್ಮ ಮಾತ್ರ ಸರಿಯುವಷ್ಟು ಒತ್ತಡದಲ್ಲಿ, ತೊಟ್ಟಿನ ಕಡೆಯಿಂದ ಕಂಕುಳಿಗೆ, ಕತ್ತಿನ ಕೆಳಗಿನ ಕೊರಳೆಲುಬಿನ ಕಡೆಗೆ ನೀವಿ. ಹಾಲನ್ನು ಹೊರತೆಗೆಯಲು ತೊಟ್ಟಿನ ಕಡೆ ನೀವುತ್ತಾರೆ. ಊತಕ್ಕೆ ದಿಕ್ಕು ಉಲ್ಟಾ. ಇದು ತಿಳಿಯದೆ ಎಷ್ಟೋ ಕಡೆ ಕೆಡುತ್ತದೆ. ನಂತರ ಕಪ್ಪುಭಾಗವನ್ನು ಮೆತ್ತಗೆ ಮಾಡಿಕೊಳ್ಳಿ: ತೊಟ್ಟಿನ ಸುತ್ತ ಬೆರಳ ತುದಿಗಳನ್ನು ಹೂವಿನಂತೆ ಇಟ್ಟು ಎದೆಗೂಡಿನ ಕಡೆ ಮೆಲ್ಲಗೆ ಒತ್ತಿ 60 ಸೆಕೆಂಡ್ ಹಿಡಿಯಿರಿ, ಬೆರಳ ಜಾಗ ಬದಲಿಸಿ ಮತ್ತೊಮ್ಮೆ. ಗುಳಿ ಬಿದ್ದ ಕೂಡಲೇ ಮಗುವನ್ನು ಹಾಕಿ. ಡ್ರಿಪ್‌ನಿಂದ ಊದಿದ ಸಿಸೇರಿಯನ್ ಬಾಣಂತಿಯರಿಗೆ ಇಷ್ಟು ಬೇಗ ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಹಾಲೂಡಿಸಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ. ಬಾಣಂತಿಗೆ ತಣ್ಣಗಿನದು ಸೋಕಬಾರದು ಎಂಬ ಹಿರಿಯರಿಗೆ ಎದೆಯ ಮೇಲಷ್ಟೇ ಎಂದು ಹೇಳಿ ಒಪ್ಪಿಸಿ. ಬಿಸಿ ಬೇಕೆಂದರೆ ಹಾಲೂಡಿಸುವ ಮುಂಚೆ ಎರಡು ನಿಮಿಷ, ಬೆಚ್ಚಗೆ ಮಾತ್ರ.

38.5 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ನಡುಕ, ಕೆಂಪು ಪಟ್ಟೆ 24 ಗಂಟೆಯಲ್ಲಿ ಇಳಿಯದಿದ್ದರೆ ಆ್ಯಂಟಿಬಯಾಟಿಕ್ ಬೇಕಾಗಬಹುದು. ಸಿಸೇರಿಯನ್ ಆದವರಲ್ಲಿ ಜ್ವರಕ್ಕೆ ಹೊಲಿಗೆ, ಗರ್ಭಕೋಶ, ಮೂತ್ರದ ಸೋಂಕೂ ಕಾರಣ ಇರಬಹುದು, ಆದ್ದರಿಂದ ಎದೆಯದೇ ಎಂದು ಮನೆಯಲ್ಲಿ ತೀರ್ಮಾನಿಸಬೇಡಿ. ಆ ಬದಿಯ ಹಾಲನ್ನು ಮಗುವಿಗೆ ಕೊಡುತ್ತಲೇ ಇರಿ, ನಿಲ್ಲಿಸಿದರೆ ಕೀವುಗಟ್ಟುವ ಅಪಾಯ ಹೆಚ್ಚು.

ಪ್ರಶ್ನೆ: ನಮ್ಮ ಕಡೆ ಬಾಣಂತಿಗೆ ಮೈಗೆಲ್ಲ ಎಣ್ಣೆ ತಿಕ್ಕಿ, ಸುಡುಸುಡು ನೀರು ಹೊಯ್ದು, ಹೊಟ್ಟೆ ಕಟ್ಟಿ, ಧೂಪ ಹಾಕುತ್ತೇವೆ. ನೀರು ಹೆಚ್ಚು ಕುಡಿಸುವುದಿಲ್ಲ. ಆಪರೇಷನ್ ಆದವಳಿಗೆ ಯಾವಾಗಿನಿಂದ? – ತೀರ್ಥಹಳ್ಳಿ

ಉತ್ತರ: ತಲೆ, ಕತ್ತು, ಭುಜ, ಕೈಗಳಿಗೆ ಎಣ್ಣೆ ಎರಡನೇ ಮೂರನೇ ದಿನದಿಂದಲೇ ಆದೀತು. ಹೊಟ್ಟೆಗೆ ಮಾತ್ರ ಆರು ವಾರ ಕೈ ಬೇಡ. ಮೇಲಿನ ಚರ್ಮ ಎರಡು ವಾರದಲ್ಲಿ ಕೂಡಿದಂತೆ ಕಂಡರೂ ಒಳಪದರಗಳು ಕೂಡಿರುವುದಿಲ್ಲ. ಎಣ್ಣೆ ಇಳಿದು ಹೊಲಿಗೆಯಲ್ಲಿ ಕೂತರೆ ಅಲ್ಲೇ ಒದ್ದೆಯಾಗಿ ಸೋಂಕು. ಎತ್ತರದಿಂದ ಹೊಟ್ಟೆಗೆ ನೀರು ಅಪ್ಪಳಿಸುವುದೂ ಬೇಡ, ಬೆನ್ನಿಗೆ ಹೊಯ್ಯಿರಿ, ಹೊಲಿಗೆಯ ಜಾಗ ಒತ್ತಿ ಒರೆಸಿ ಒಣಗಿಸಿ. ಆರು ವಾರದ ಮೇಲೆ ಗಾಯದ ಗೆರೆಯನ್ನು ಬೆರಳಿಂದ ಮೆಲ್ಲಗೆ ಅಡ್ಡಡ್ಡ ಸರಿಸುವುದು ಒಳ್ಳೆಯದೇ, ಅಂಟಿಕೊಂಡ ಪದರ ಸಡಿಲಾಗುತ್ತದೆ.

ಕಾಲಿನ ವಿಷಯದಲ್ಲಿ ಹುಷಾರು. ಸಿಸೇರಿಯನ್ ಆದವರಲ್ಲಿ ಮೀನಖಂಡದ ಒಳಗೆ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಅದೇ ದಿನ ಆಸ್ಪತ್ರೆಗೆ.

ಹೊಟ್ಟೆ ಕಟ್ಟುವುದು ಕೆಮ್ಮುವಾಗ, ನಡೆಯುವಾಗ ಆಸರೆಗೆ ಸರಿ, ಉಸಿರು ಕಟ್ಟುವಷ್ಟು ಬಿಗಿ ಬೇಡ. ಧೂಪದ ಹೊಗೆ ಮಗುವಿನ ಕೋಣೆಯಲ್ಲಿ ಬೇಡವೇ ಬೇಡ. ನೀರು ತಡೆಯುವ ಪದ್ಧತಿಯನ್ನಂತೂ ಈಗಲೇ ಬಿಡಿ. ಬಾಯಾರಿದಾಗಲೆಲ್ಲ ಕುಡಿಯಲಿ, ಮಲಬದ್ಧತೆಯಲ್ಲಿ ತಿಣುಕಿದರೆ ಹೊಲಿಗೆಗೇ ತೊಂದರೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ತಿನ್ನಲಿ. ಹಾಲೂಡಿಸುವವಳಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚುವರಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ, ಬರೀ ಅನ್ನ-ಸಾರಿನ ಪಥ್ಯದಲ್ಲಿ ಅದು ದಕ್ಕದು.

ಪ್ರಶ್ನೆ: ಸಿಂಗಪುರದಲ್ಲಿದ್ದೇವೆ. ಇಲ್ಲಿ ಜಾಮು ಮಸಾಜ್ ಪ್ಯಾಕೇಜ್ ತೆಗೆದುಕೊಳ್ಳಿ ಎನ್ನುತ್ತಾರೆ. ಸಿಸೇರಿಯನ್‌ಗೆ ಸರಿಯೇ? – ಸಿಂಗಪುರ

ಉತ್ತರ: ಮಲಯ ಸಂಪ್ರದಾಯದ ಈ ಮಸಾಜಿನಲ್ಲಿ ಹೊಟ್ಟೆ ನೀವಿ ಉದ್ದನೆಯ ಬಟ್ಟೆಯಲ್ಲಿ ಬಿಗಿಯುವುದು ಮುಖ್ಯ ಭಾಗ. ಅದನ್ನು ನಿಮ್ಮ ಶಸ್ತ್ರವೈದ್ಯರು ಗಾಯ ನೋಡಿ ಒಪ್ಪುವವರೆಗೆ ಮುಂದೂಡಿ. ಬೆನ್ನು, ಭುಜದ ಭಾಗ ಮಾತ್ರ ಬೇಗ ಮಾಡಿಸಬಹುದು. 'ಕಟ್ಟಿದ ನಾಳ ಬಿಡಿಸುತ್ತೇವೆ' ಎಂದು ಎದೆಯನ್ನು ಜೋರಾಗಿ ಒತ್ತುವವರಿಗೆ ರಾಣೆಬೆನ್ನೂರಿನವರಿಗೆ ಕೊಟ್ಟ ಉತ್ತರವನ್ನೇ ಹೇಳಿ. ಸೂಜಿ ಬೇಕೆಂದರೆ ನಿಮಗೆ ಒಂದು ಅನುಕೂಲವಿದೆ: ಅಲ್ಲಿ ಚೀನೀ ವೈದ್ಯರು ಸರ್ಕಾರಿ ಮಂಡಳಿಯಲ್ಲಿ ನೋಂದಾಯಿಸಿರಲೇಬೇಕು, ಆ ಪಟ್ಟಿ ನೋಡಿ ಆರಿಸಿ.

ಪ್ರಶ್ನೆ: ಮಗು ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಎದೆಗೆ ಹಾಕಲು ಬಿಡುತ್ತಿಲ್ಲ. ಪಂಪಿನಲ್ಲಿ ಏನೂ ಬರುತ್ತಿಲ್ಲ. ಮಸಾಜ್ ಸಹಾಯವಾಗುತ್ತದೆಯೇ? – ಕಲಬುರಗಿ

ಉತ್ತರ: ಮಸಾಜಿನಿಂದ ನಿಜವಾದ ಲಾಭ ಸಿಗುವುದು ನಿಮ್ಮಂಥವರಿಗೇ. ಬೆನ್ನು ಉಜ್ಜಿ, ಎದೆಯನ್ನು ಹಗುರಾಗಿ ನೀವಿ, ಪಂಪ್ ಹಾಕಿ, ಪಂಪ್ ಓಡುತ್ತಿರುವಾಗಲೇ ಗಟ್ಟಿ ಇರುವ ಕಡೆ ಅಂಗೈಯಿಂದ ಮೆಲ್ಲಗೆ ಅದುಮಿ, ಕೊನೆಗೆ ಎರಡು ನಿಮಿಷ ಕೈಯಲ್ಲಿ ಹಿಂಡಿ. ಪಂಪ್ ಮಾತ್ರ ಬಳಸುವುದಕ್ಕಿಂತ ಹೀಗೆ ಹೆಚ್ಚು ಹಾಲು ಬರುತ್ತದೆ. ದಿನಕ್ಕೆ 8–10 ಸಲ, ಒಂದು ಸಲಕ್ಕೆ 15 ನಿಮಿಷ, ರಾತ್ರಿ ಒಂದರಿಂದ ಐದರೊಳಗೆ ಒಮ್ಮೆಯಾದರೂ. ಎರಡು ವಾರದ ಹೊತ್ತಿಗೆ ದಿನಕ್ಕೆ 500–750 ಮಿ.ಲೀ. ಗುರಿ. ಪಂಪಿನ ಜೊತೆ ಬರುವ, ತೊಟ್ಟಿಗೆ ಇಡುವ 24 ಮಿ.ಮೀ. ಕೊಳವೆ ಎಲ್ಲರಿಗೂ ಹೊಂದದು. ತೊಟ್ಟಿನ ಅಗಲಕ್ಕಿಂತ 2–4 ಮಿ.ಮೀ. ಮಾತ್ರ ದೊಡ್ಡದಿರಬೇಕು, ಕಪ್ಪುಭಾಗವೂ ಒಳಗೆ ಎಳೆದು ಹೋಗುತ್ತಿದ್ದರೆ ಕೊಳವೆ ದೊಡ್ಡದಾಯಿತು. ಹಾಲು 25 ಡಿಗ್ರಿ ಒಳಗೆ ನಾಲ್ಕು ಗಂಟೆ, ಫ್ರಿಜ್‌ನ ಒಳಮೂಲೆಯಲ್ಲಿ ನಾಲ್ಕು ದಿನ ಇರುತ್ತದೆ. ಕಲಬುರಗಿಯ ಬೇಸಿಗೆಯ ಕೋಣೆಗೆ ಮೊದಲ ಲೆಕ್ಕ ನಡೆಯದು, ಹಿಂಡಿದ ಕೂಡಲೇ ಫ್ರಿಜ್‌ಗೆ ಇಡಿ. ನಿಮ್ಮ ಹಾಲು ಸಾಲುವವರೆಗೆ ಬ್ಯಾಂಕಿನ ಹಾಲು ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ.

ಇಷ್ಟೆಲ್ಲ ಮಾಡಿಯೂ ವಾರ ಕಳೆದು ಹನಿಯಷ್ಟೇ ಬರುತ್ತಿದ್ದರೆ ಮಸಾಜ್ ಹೆಚ್ಚಿಸುವುದಲ್ಲ, ಕಾರಣ ಹುಡುಕಬೇಕು. ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದಿದ್ದರೆ ಪ್ರೊಜೆಸ್ಟರಾನ್ ಇಳಿಯದೆ ಹಾಲು ತಡೆಯುತ್ತದೆ. ನಿಲ್ಲದ ರಕ್ತಸ್ರಾವ ಅದರ ಸುಳಿವು. ಥೈರಾಯ್ಡ್ ಕೊರತೆ, ಪಿಸಿಒಡಿ, ಮಧುಮೇಹ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗಿದ್ದು, ಹಿಂದೆ ಸ್ತನಕ್ಕೆ ಆಪರೇಷನ್ ಆಗಿದ್ದು, ಇವನ್ನೆಲ್ಲ ವೈದ್ಯರಿಗೆ ಹೇಳಿ. ಹಾಲು ಹೆಚ್ಚಿಸಲೆಂದು ಬಳಸುವ ಡೊಂಪೆರಿಡೋನ್ ಮಾತ್ರೆಯನ್ನು ಮೆಡಿಕಲ್ ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಹೃದಯದ ಬಡಿತ ಏರುಪೇರಾಗುವ ಅಪಾಯವಿದೆ.

ಪ್ರಶ್ನೆ: ನೋವಿನ ಮಾತ್ರೆ ಹಾಲಿನಲ್ಲಿ ಮಗುವಿಗೆ ಹೋಗುತ್ತದೆಂದು ತಂಗಿ ತೆಗೆದುಕೊಳ್ಳುತ್ತಿಲ್ಲ. ಬದಲಿಗೆ ಸೂಜಿ ಚಿಕಿತ್ಸೆಯಲ್ಲೇ ನೋವು ಕಳೆಯಬಹುದೇ? – ಮಂಡ್ಯ

ಉತ್ತರ: ಮಾತ್ರೆಯ ಜೊತೆಗೆ ಆಗಬಹುದು, ಮಾತ್ರೆಯ ಬದಲಿಗೆ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಹಾಲಿಗೆ ಹೋಗುವುದು ಅತ್ಯಲ್ಪ, ಎರಡೂ ಹಾಲೂಡಿಸುವವರಿಗೆ ಸುರಕ್ಷಿತ. ನೋವು ಸಹಿಸಿಕೊಂಡು ಮಲಗಿದರೆ ಹಾಲೂಡಿಸುವ ಸರದಿ ತಪ್ಪುತ್ತದೆ, ಸೊರೆಯೂ ಬಿಡುವುದಿಲ್ಲ. ನೋವು ಏರಿದ ಮೇಲೆ ನುಂಗುವುದಕ್ಕಿಂತ ಮೊದಲ ಮೂರು ದಿನ ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲಿ. ಜೋರು ನೋವಿಗೆ ಕೊಡುವ ಕೋಡೀನ್ ಮತ್ತು ಟ್ರಮಡಾಲ್ ಬೇರೆ ಮಾತು. ಕೆಲವು ತಾಯಂದಿರ ದೇಹ ಇವನ್ನು ಬೇಗ ಒಡೆದು ಹಾಲಿಗೆ ಹೆಚ್ಚು ಬಿಡುತ್ತದೆ, ಮಗು ಮಂಕಾಗಿ ಉಸಿರಾಟ ನಿಧಾನವಾಗಬಹುದು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಹಾಲೂಡಿಸುವವರು ಇವನ್ನು ಬಳಸಬಾರದೆಂದು ಎಚ್ಚರಿಸಿದ್ದಾರೆ. ಚೀಟಿಯಲ್ಲಿ ಟ್ರಮಡಾಲ್ ಇದ್ದರೆ ಹಾಲೂಡಿಸುತ್ತಿದ್ದೇನೆ ಎಂದು ಹೇಳಿ ಬದಲಿಸಿ ಕೊಡಲು ಕೇಳಲಿ. ಹೊಲಿಗೆಗೆ ಭಾರ ಬೀಳದಂತೆ ಮಗುವನ್ನು ಕಂಕುಳಡಿ, ಕಾಲು ಹಿಂದಕ್ಕೆ ಮಾಡಿ ಹಿಡಿದುಕೊಳ್ಳಲಿ, ಅಥವಾ ಮಗ್ಗುಲಾಗಿ ಮಲಗಿಕೊಂಡು ಹಾಲೂಡಿಸಲಿ.